ಸೌಹಾರ್ದದ ಕಿಮ್ಚಿ

ಬೆಳಕು ಹರಿಯುವ ಮೊದಲೇ ಮಾಲ್‌ಸೂನ್ ಅನ್ನಕ್ಕಿಟ್ಟು, ಗಂಡನಿಗೆ ಮೂಲಂಗಿ ಸಾರು ಕುದಿಸಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿ, ಅವರ ಹಾಸಿಗೆಯ ಬಟ್ಟೆ ಬದಲಿಸಿ, ಒದ್ದೆಯದನ್ನು ಯಂತ್ರಕ್ಕೆ ತುಂಬಿ ಮನೆಯಿಂದ ಹೊರಟಿದ್ದಳು. ಕಾರ್ಖಾನೆಗೆ ಬಂದವಳೇ ಕ್ಯಾಂಟೀನಿನ ಹಿಂದಿನ ಅಂಗಳದಲ್ಲಿ ಉಪ್ಪುನೀರಲ್ಲಿ ನೆನೆದಿದ್ದ ಎಲೆಕೋಸುಗಳನ್ನು ಕೆಳಮೇಲು ಮಾಡಿದಳು. ಮೆಣಸಿನಪುಡಿಗೆ ಗಂಜಿ ಕಲಸಿದಳು. ಮೇಜುಗಳಿಗೆ ಪ್ಲಾಸ್ಟಿಕ್ ಹಾಸಿ, ಬ್ಯಾನರ್ ಕಟ್ಟಿ, ಆಡಳಿತದವರಿಗೂ ಕಾರ್ಮಿಕ ಸಂಘದವರಿಗೂ ಒಂದೇ ಬಣ್ಣದ ಏಪ್ರನ್‌ಗಳನ್ನು ಮಡಿಚಿಟ್ಟಳು. ಒಬ್ಬರದು ಇನ್ನೊಬ್ಬರದಕ್ಕಿಂತ ಹೊಸದಾಗಿ ಕಂಡರೂ ಸಾಕು, ಮುನಿಸು ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅದನ್ನೆಲ್ಲ ತಿಳಿದಿರುವುದೇ ಅವಳ ಉದ್ಯೋಗ. ಚಾಂಗ್‌ವಾನ್ ನಗರದ ಈ ಬೇರಿಂಗ್ ಕಾರ್ಖಾನೆಗೆ ಅವಳು ಸೇರಿದ್ದು ದೊಡ್ಡ ಮುಷ್ಕರವೊಂದು ನಡೆದ ವರ್ಷ, ಒಬ್ಬರ ಮುಖ ಒಬ್ಬರು ನೋಡದ ಆ ಎರಡೂ ಪಕ್ಷಗಳ ನಡುವೆ ಬಾರ್ಲಿ ಚಹಾ ಇಡುವ ಹುಡುಗಿಯಾಗಿ. ಮಾತುಕತೆಯಿಂದ ಎದ್ದು ಬಾಗಿಲು ಬಡಿದು ಹೋದವರನ್ನು ಮೆಟ್ಟಿಲವರೆಗೂ ಹಿಂಬಾಲಿಸಿ ಕರೆತರುತ್ತ ಕರೆತರುತ್ತ ಅವಳು ಆಡಳಿತ-ಕಾರ್ಮಿಕ ಸಹಕಾರ ವಿಭಾಗದ ಮುಖ್ಯಸ್ಥೆಯಾದಳು. ವರ್ಷಕ್ಕೊಮ್ಮೆ ಎರಡೂ ಕಡೆಯವರು ಒಟ್ಟಿಗೆ ನಿಂತು ಕಿಮ್ಚಿ ಎಂಬ ಎಲೆಕೋಸಿನ ಖಾರದ ಉಪ್ಪಿನಕಾಯಿ ಹಾಕಿ ಬಡವರಿಗೆ ಹಂಚುವ ಈ ಹಬ್ಬವೂ ಅವಳದೇ ಯೋಚನೆ. ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಇವತ್ತು ಸೌಹಾರ್ದ ಪ್ರಶಸ್ತಿಗೆಂದು ಪ್ರಾಂತ ಸರ್ಕಾರದ ಕಚೇರಿಯಿಂದ ತೀರ್ಪುಗಾರರು ಬರುವವರಿದ್ದರು.

ಕೆಲವು ದಿನಗಳಿಂದ ಅವಳನ್ನೊಂದು ದಿಗಿಲು ಹಿಡಿದುಕೊಂಡಿತ್ತು. "ಇನ್ಮೇಲೆ ಮೂರು ಹೊತ್ತೂ ಬಿಸಿ ಊಟ," ಎಂದು ಗಂಡ ಖುಷಿಯಾಗಿ ಹೇಳಿದಂದಿನಿಂದ ಅದು ಬಿಟ್ಟಿರಲಿಲ್ಲ. ಆ ಮನೆ, ಆ ಒಲೆ, ಅತ್ತೆಯ ಕರೆಗಂಟೆ, ನಡುವೆ ಹೊರಗೆ ಹೋಗಲು ಒಂದು ನೆಪವೂ ಇಲ್ಲ.

"ಅಕ್ಕಾ, ಸಾಹೇಬ್ರು ಬಂದು ಒಂದೆಲೆಗೆ ಖಾರ ಸವರಿ ಫೋಟೋ ಹೊಡೆಸ್ಕೊಂಡು ಹೋಗ್ತಾರೆ," ಎಂದಳು ಕ್ಯಾಂಟೀನಿನ ಬೊಕ್‌ನಾಮ್, ತೊಟ್ಟಿಯಿಂದ ಬುಟ್ಟಿ ಎತ್ತುತ್ತ. "ಗುಡ್ಡೆಗಟ್ಟಲೆ ತೊಳೆಯೋರು ನಾವು."

"ಬಾಯ್ಮುಚ್ಚಿ ಉಪ್ಪು ನೋಡೇ."

"ಉಪ್ಪಿಗೇನು, ನನ್ನ ಬೆವರು ಬಿದ್ದೇ ಸರಿಹೋಗಿದೆ!"

ನಗುತ್ತಲೇ ಬೊಕ್‌ನಾಮ್ ತಿರುಗಿದಳು. ನಲ್ಲಿಯ ಕೆಳಗೆ ಸಿಮೆಂಟಿನ ಮೇಲೆ ನೀರು ತೆಳ್ಳಗೆ ಹೆಪ್ಪುಗಟ್ಟಿತ್ತು. ಕಾಲು ಜಾರಿ, ತಲೆಯ ಹಿಂಭಾಗ ತೊಟ್ಟಿಯ ಕಬ್ಬಿಣದ ಅಂಚಿಗೆ ಬಡಿಯಿತು. ಮಣ್ಣಿನ ಜಾಡಿ ಬಿದ್ದಂಥ ಸದ್ದು.

ಬೊಕ್‌ನಾಮ್ ಎದ್ದು ಕೂತಳು. ರಕ್ತವಿರಲಿಲ್ಲ. ತಲೆವಸ್ತ್ರ ಸರಿಮಾಡಿಕೊಂಡು, "ಏನಾಗಿಲ್ಲ ಬಿಡಿ. ಎಲೆಕೋಸು ತೊಳೆದಾಯ್ತಾ?" ಎಂದಳು.

"ಆಯ್ತು ಕಣೇ."

"ಅಕ್ಕಾ, ಎಲೆಕೋಸು ತೊಳೆದಾಯ್ತಾ?"

ಮಾಲ್‌ಸೂನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಅವಳು ಫೋನ್ ತೆಗೆಯುವಷ್ಟರಲ್ಲಿ ಕಾರ್ಖಾನೆಯ ನಿರ್ದೇಶಕ ಮಿನ್ ಬಂದು ಅವಳ ಮಣಿಕಟ್ಟು ಹಿಡಿದ.

"ಆಂಬ್ಯುಲೆನ್ಸಾ? ಇವತ್ತಾ? ಗೇಟಲ್ಲಿ ಸೈರನ್ ಕೇಳಿದ್ರೆ ಪ್ರಶಸ್ತಿ ಅಲ್ಲೇ ಮಣ್ಣಾಯ್ತು ಮೇಡಂ."

ಸಂಘದ ಅಧ್ಯಕ್ಷ ಬೇ ಓಡಿಬಂದಾಗ ಅವಳು ಆಸೆಯಿಂದ ಅವನತ್ತ ತಿರುಗಿದಳು. ಅವನು ಕತ್ತು ಕೆರೆದುಕೊಂಡ. "ಅಕ್ಕಾ, ಅವರು ಗುತ್ತಿಗೆಯವರು. ನಮ್ಮ ಸದಸ್ಯರಲ್ಲ. ಬೋನಸ್ ಮಾತುಕತೆ ಬೇರೆ ನಡೀತಿದೆ..."

"ಆದ್ರೂ ಕೆಲಸ ಮಾಡ್ತಾ ಬಿದ್ದಿದ್ದಲ್ವಾ?"

"ಕಿಮ್ಚಿ ಹಾಕೋದೂ ಒಂದು ಕೆಲಸವೇನ್ರೀ?" ಮಿನ್ ನಕ್ಕ. "ಹೆಂಗಸರು ಮನೇಲೂ ಹಾಕ್ತಾರೆ. ಮನೇಲೇ ಬಿದ್ಲು ಅನ್ನಿ."

"ಹೌದ್ಹೌದು," ಎಂದ ಬೇ. "ಮನೇಲೇ ಬಿದ್ದಿದ್ದು."

ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಕ್ಯಾಂಟೀನಿನ ತಿಂಡಿ ಬದಲಿಸುವ ಮಾತಿಗೂ ಇವರನ್ನು ಒಪ್ಪಿಸಲು ಚಹಾದ ಮೇಲೆ ಚಹಾ ತರಿಸಬೇಕಾಗಿತ್ತು. ಇಷ್ಟು ಬೇಗ ಇವರು ಒಮ್ಮತಕ್ಕೆ ಬಂದದ್ದನ್ನು ಮಾಲ್‌ಸೂನ್ ತನ್ನ ಇಡೀ ಉದ್ಯೋಗದಲ್ಲಿ ಕಂಡಿರಲಿಲ್ಲ. ಆ ಮಾತುಕತೆಯ ಮೇಜಿನ ಸುತ್ತ ಕುರ್ಚಿಗಳನ್ನು ಜೋಡಿಸುತ್ತಿದ್ದವಳು ಅವಳೇ. ಬೊಕ್‌ನಾಮ್‌ಳಂಥವರಿಗೆ ಅಲ್ಲಿ ಒಂದು ಕುರ್ಚಿ ಹಾಕಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

ಮಿನ್ ವ್ಯಾನಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. "ಸೇತುವೆ ಆಚೆ ನಮ್ಮ ಪರಿಚಯದ ಮೂಳೆ ಡಾಕ್ಟರಿದ್ದಾರೆ, ಜಾಸ್ತಿ ಪ್ರಶ್ನೆ ಕೇಳಲ್ಲ. ಬಿಟ್ಟು ಬೇಗ ಬನ್ನಿ. ನಿವೃತ್ತಿ ಆದ್ಮೇಲೂ ನಿಮ್ಮನ್ನ ಸಲಹೆಗಾರ್ತಿಯಾಗಿ ಇಟ್ಕೊಳ್ಳೋ ಯೋಚನೆ ಇದೆ. ಕೆಡಿಸ್ಕೋಬೇಡಿ."

ದಿನಾ ಬೆಳಗ್ಗೆ ಮನೆಯಿಂದ ಹೊರಬೀಳಲು ಒಂದು ದಾರಿ! ಆ ಕ್ಷಣದಲ್ಲೂ ತನ್ನ ಮನಸ್ಸು ಅತ್ತ ಹಾರಿದ್ದು ಕಂಡು ಅವಳಿಗೆ ತನ್ನ ಮೇಲೇ ಭಯವಾಯಿತು. ಆದರೂ ಕೀಲಿ ಹಿಡಿದಳು.

ವ್ಯಾನಿನಲ್ಲಿ ಬೊಕ್‌ನಾಮ್ ಅವಳ ತೋಳು ಹಿಡಿದಳು. "ಮನೇಲಿ ಬಿದ್ದೆ ಅಂತೀನಿ ಅಕ್ಕಾ. ಗುತ್ತಿಗೆದಾರನಿಗೆ ಗೊತ್ತಾದ್ರೆ ನಾಳೆಯಿಂದ ಬರ್ಬೇಡ ಅಂತಾನೆ."

"ನೀನು ಮಾತಾಡ್ಬೇಡ. ಕಣ್ಣು ಮುಚ್ಬೇಡ."

ವ್ಯಾನು ಗೇಟು ದಾಟಿತು. ಕಾವಲುಗಾರ ನಗುತ್ತ ಸಲಾಮು ಹೊಡೆದ. ರಸ್ತೆಯಲ್ಲಿ ಬೊಕ್‌ನಾಮ್ ಮತ್ತೆ ಎಲೆಕೋಸಿನ ಮಾತೆತ್ತಿದಳು. ಈ ಸಲ ನಾಲಿಗೆ ದಪ್ಪಗಾಗಿ, ಪದಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಇದ್ದಕ್ಕಿದ್ದಂತೆ ತನ್ನ ಏಪ್ರನ್ ಮೇಲೆ ವಾಂತಿ ಮಾಡಿಕೊಂಡಳು. ಒಂದು ಕಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು.

ಮಾಲ್‌ಸೂನ್ ವ್ಯಾನನ್ನು ರಸ್ತೆಯಂಚಿಗೆ ನಿಲ್ಲಿಸಿದಳು. ಎದುರಿಗೆ ಸೇತುವೆ, ಅದರಾಚೆ ಪ್ರಶ್ನೆ ಕೇಳದ ಡಾಕ್ಟರು. ಫೋನು ರಿಂಗಾಯಿತು. ಮಿನ್. ಅದು ನಿಲ್ಲುವವರೆಗೆ ನೋಡುತ್ತ ಕೂತಳು. ಮತ್ತೆ ರಿಂಗಾಯಿತು, ಈಗ ಬೇ. ಪಕ್ಕದಲ್ಲಿ ಉಸಿರು ಗೊರಗೊರ ಎನ್ನತೊಡಗಿತ್ತು.

ಅವಳು ಬೇಯ ಕರೆಯನ್ನು ಕತ್ತರಿಸಿ ತುರ್ತು ಸಂಖ್ಯೆ ಒತ್ತಿದಳು.

"ಹೇಳಿ," ಎಂದಿತು ಯಾವುದೋ ಹುಡುಗಿಯ ದನಿ. ಮಾಲ್‌ಸೂನ್ ರಸ್ತೆಯ ಹೆಸರು ಹೇಳಿದಳು, ತಲೆಗೆ ಪೆಟ್ಟೆಂದಳು, ಉಸಿರಿನ ಸದ್ದನ್ನು ಕೇಳಿಸಿದಳು.

"ಗಾಡಿ ಹೊರಟಿದೆ. ಎಲ್ಲಿ ಬಿದ್ದಿದ್ದು? ಮನೇಲಾ?"

ಬೊಕ್‌ನಾಮ್‌ಳ ತುಟಿ ಅಲುಗಿತು. ಹೌದು ಎಂದರೂ ಗಾಡಿ ಬರುತ್ತಿತ್ತು. ವ್ಯಾನಿನಲ್ಲಿ ಮಾಲ್‌ಸೂನ್‌ಳನ್ನು ತಡೆಯುವವರಾಗಲಿ ಧೈರ್ಯ ಹೇಳುವವರಾಗಲಿ ಇರಲಿಲ್ಲ.

"ಅಲ್ಲ," ಎಂದಳು ಮಾಲ್‌ಸೂನ್. "ಕಾರ್ಖಾನೇಲಿ. ಕೆಲಸದ ಹೊತ್ತಲ್ಲಿ. ಹೇಳ್ತಿರೋದು ಅಲ್ಲಿನ ಸಹಕಾರ ವಿಭಾಗದ ಮುಖ್ಯಸ್ಥೆ. ನನ್ನ ಹೆಸರು ಬರ್ಕೊಳ್ಳಿ."