ಸುಮಿತ್ರಕ್ಕ ಬಡಿಯದೆ ಹೋದ ಬಾಗಿಲು

ಸುಮಿತ್ರಕ್ಕನ ಬೆರಳುಗಳು ಮೇ ತಿಂಗಳಲ್ಲೂ ತಣ್ಣಗಿರುತ್ತಿದ್ದವು. ಲಸಿಕೆಯ ನೀಲಿ ಪೆಟ್ಟಿಗೆಯೊಳಗಿನ ಮಂಜುಗಡ್ಡೆಯಲ್ಲಿ ದಿನವಿಡೀ ಕೈಯಾಡಿಸುವ ಕೆಲಸ. ಹಾಗಾಗಿ ಯಾವ ಮಗುವನ್ನು ಮುಟ್ಟುವ ಮೊದಲೂ ಅಂಗೈಗಳನ್ನು ಉಜ್ಜಿ, ತಮ್ಮ ಕೆನ್ನೆಗೆ ಒತ್ತಿ ಬಿಸಿ ನೋಡಿಕೊಳ್ಳುತ್ತಿದ್ದರು. ‘ಸೂಜಿ ಚುಚ್ಚಿದ್ದು ಕೂಸು ಮರೀತದ್ರಿ, ತಣ್ಣನ ಕೈ ಮರಿಯಂಗಿಲ್ಲ’ ಎನ್ನುವುದು ಅವರ ಸಿದ್ಧಾಂತ.

ಹಡಪಸರದ ನಮ್ಮ ಗಲ್ಲಿಗೆ ಅವರು ಸರಕಾರಿ ದವಾಖಾನೆಯ ನರ್ಸ್. ಊರು ನಿಪ್ಪಾಣಿ. ಗಲ್ಲಿಯುದ್ದಕ್ಕೂ ಮರಾಠಿಯಲ್ಲಿ ಗದರುತ್ತ ಬಂದು, ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಕನ್ನಡಕ್ಕೆ ತಿರುಗುತ್ತಿದ್ದರು. ನಾವು ಧಾರವಾಡದವರೆಂದು ತಿಳಿದ ದಿನದಿಂದ ನನ್ನ ಹೆಂಡತಿ ವಿದ್ಯಾ ಅವರಿಗೆ ತಂಗಿ, ನಾನು ‘ಇಂಜಿನಿಯರ್ ಸಾಹೇಬ್ರು’. ಆ ‘ಸಾಹೇಬ್ರು’ವಿನಲ್ಲಿ ಸ್ವಲ್ಪ ಕುಟುಕು ಇರುತ್ತಿತ್ತು.

ಅವಸರವೆಂಬುದು ಅವರಿಗೆ ಗೊತ್ತಿರಲಿಲ್ಲ. ಎದುರುಮನೆಯ ಅಜ್ಜಿ ಒಮ್ಮೆ ಮೊಮ್ಮಗಳನ್ನು ಮಂಚದ ಕೆಳಗೆ ಅಡಗಿಸಿ, ಕೂಸು ಊರಿಗೆ ಹೋಗಿದೆ ಎಂದಳು. ಸುಮಿತ್ರಕ್ಕ ವಾದಿಸಲಿಲ್ಲ. ಅದೇ ಮಂಚದ ಮೇಲೆ ಕೂತು, ಅಜ್ಜಿಯ ಮುಂದಿದ್ದ ಮೆಂತ್ಯ ಸೊಪ್ಪನ್ನು ಎಳೆದುಕೊಂಡು ಸೋಸತೊಡಗಿದರು. ಒಂದು ಕಟ್ಟು ಮುಗಿಯಿತು, ಎರಡನೆಯದು ಅರ್ಧವಾಯಿತು. ಆಗ ಮಂಚದ ಕೆಳಗಿಂದ ‘ಆಜೀ, ಸೂ ಆಲೀ!’ ಎಂದು ಚೀರುತ್ತ ಹುಡುಗಿ ತಾನೇ ಹೊರಬಂದು ಬಚ್ಚಲಿಗೆ ಓಡಿದಳು. ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಕಡೆ ತಿರುಗಿ ಸುಮಿತ್ರಕ್ಕ, ‘ಊರಿಂದ ಭಾಳ ಲಗೂ ಬಂದ್ಲಲ್ರಿ’ ಎಂದರು. ಅಜ್ಜಿಗೂ ನಗು ತಡೆಯಲಾಗಲಿಲ್ಲ.

ನಾನು ಅಜ್ಜಿಗಿಂತ ಜಾಣ ಎಂದುಕೊಂಡಿದ್ದೆ. ಮಗಳು ಅನ್ವಿಗೆ ಮೊದಲಿನ ಒಂದು ಚುಚ್ಚುಮದ್ದಿಗೆ ಎರಡು ದಿನ ಜ್ವರ ಬಂದಿತ್ತು. ಆ ಎರಡು ದಿನ ಫೋನಿನಲ್ಲಿ ಹೆದರಿಸುವಂಥದ್ದನ್ನೆಲ್ಲ ಹುಡುಕಿ ಹುಡುಕಿ ಓದಿದೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಸರದಿ ಬಂದಾಗ ಬೇಡವೆಂದೆ.

‘ಕಾಯ್ದೆ ಏನರ ಅದ ಏನ್ರಿ? ನನ್ನ ಮಗಳು, ನನ್ನ ನಿರ್ಧಾರ.’

‘ಕಾಯ್ದೆ ಇದ್ದಿದ್ರ ಹಿಂದ ಒಬ್ಬ ಪೊಲೀಸಪ್ಪನ್ನ ನಿಲ್ಲಿಸ್ಕೊಂಡು ಎರಡು ಮಿನಿಟಿನ್ಯಾಗ ಚುಚ್ಚಿ ಹೋಗ್ತಿದ್ದೆ ಸಾಹೇಬ್ರ. ಇಲ್ಲಂತನ ಹಿಂಗ ಗಂಟಲಾ ಹರ್ಕೋತೀನಿ.’

‘ಕಾಯ್ದೆನ ಮಾಡಬೇಕ್ರಿ ಅಕ್ಕಾ, ಇಂಥವ್ರಿಗೆ’ ಎಂದಳು ವಿದ್ಯಾ.

‘ಬ್ಯಾಡ ತಂಗಿ. ಹೆದರಿಸಿದ್ರ ಒಮ್ಮೆ ತರ್ತಾರ. ಎರಡನೇ ಡೋಸಿಗೆ ಬಾಗಲಾ ಹಾಕ್ಕೋತಾರ.’

ಗಲ್ಲಿಯ ಸುತ್ತಮುತ್ತ ದಡಾರ ಕಾಣಿಸಿಕೊಂಡು ಮನೆಮನೆಗೆ ಲಸಿಕೆ ಶುರುವಾದಾಗ ಅವರು ಮೂರು ಸಲ ಬಂದರು. ಮಕ್ಕಳಿಗೆಲ್ಲ ಲಸಿಕೆ ಆದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’ ಗುರುತು, ಬಾಕಿ ಉಳಿದ ಮನೆಗೆ ‘ಎಕ್ಸ್’. ಮೂರನೆಯ ಸಲ ನಮ್ಮ ಗೋಡೆಗೆ ಎಕ್ಸ್ ಬರೆದು, ‘ಗುರುವಾರ ಮತ್ತ ಬರ್ತೀನ್ರಿ’ ಎಂದು ಹೋದರು. ಸೀಮೆಸುಣ್ಣದ ತುಂಡನ್ನು ನಮ್ಮ ಕಿಟಕಿಯಲ್ಲೇ ಮರೆತಿದ್ದರು. ಹೋಗುವವರು ಬರುವವರೆಲ್ಲ ಆ ಎಕ್ಸ್ ನೋಡುತ್ತಿದ್ದರು. ನಾನು ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಅದೇ ತುಂಡಿನಿಂದ ಪಿ ಬರೆದೆ. ವಿದ್ಯಾಗೂ ಹೇಳಲಿಲ್ಲ.

ಗುರುವಾರ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಚಪ್ಪಲಿಯ ಸದ್ದು ನಮ್ಮ ಮನೆಯ ಮುಂದೆ ನಿಂತಿತು, ಸ್ವಲ್ಪ ಹೊತ್ತು. ಆಮೇಲೆ ಮುಂದೆ ಹೋಯಿತು.

ಮೂರು ವಾರಕ್ಕೆ ಅನ್ವಿಗೆ ಜ್ವರ, ಮೈತುಂಬ ಕೆಂಪು ದದ್ದು, ಅದರ ಬೆನ್ನಿಗೆ ನ್ಯುಮೋನಿಯಾ. ಆಸ್ಪತ್ರೆಯಲ್ಲಿ ಎಂಟು ದಿನ. ಉಸಿರೆಳೆದಾಗಲೆಲ್ಲ ಅವಳ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಉಳಿದಳು. ಈಗಲೂ ಅವಳು ಮಲಗಿದರೆ ಅಂಗಿ ಎತ್ತಿ ಅಲ್ಲೇ ನೋಡುತ್ತೇನೆ. ಆ ಗುರುವಾರವೂ ದಿನಕ್ಕೆ ಹತ್ತು ಸಲ ತಲೆಯೊಳಗೆ ನಡೆಯುತ್ತದೆ. ಪ್ರತಿ ಸಲವೂ ಚಿಲಕಕ್ಕೆ ಕೈ ಹಾಕುತ್ತೇನೆ. ಅಷ್ಟರಲ್ಲಿ ಚಪ್ಪಲಿ ಮುಂದೆ ಹೋಗಿರುತ್ತದೆ.

ಅವಳು ಚೇತರಿಸಿಕೊಂಡ ಮೇಲೆ, ಉಳಿದ ಲಸಿಕೆಗಳನ್ನು ಬಿಡಬೇಡಿ ಎಂದರು ಡಾಕ್ಟರು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಸುಮಿತ್ರಕ್ಕ ಅನ್ವಿಯ ತೊಡೆಗೆ ಹತ್ತಿ ಒತ್ತಿ ಹಿಡಿದಿದ್ದಾಗ ಮೆಲ್ಲಗೆ ಹೇಳಿದೆ: ‘ಅಕ್ಕಾರ, ಗ್ವಾಡಿ ಮ್ಯಾಲಿನ ಆ ಪಿ ನೀವು ಬರದದ್ದಲ್ಲ.’

‘ಗೊತ್ತಿತ್ರಿ’ ಎಂದರು. ‘ನಾ ಬರದ್ರ ಕೆಳಗ ತಾರೀಖು ಇರ್ತದ. ಅದಕ್ಕಿರಲಿಲ್ಲ.’

‘ಮತ್ತ ಯಾಕ ಬಾಗಲಾ ಬಡೀಲಿಲ್ರಿ?’

ಅವರು ಅನ್ವಿಯ ಲಸಿಕೆ ಕಾರ್ಡನ್ನು ಮಡಚಿದರು, ಮತ್ತೆ ಬಿಡಿಸಿದರು. ‘ಸಿಟ್ಟು ಬಂತ್ರಿ. ಇಷ್ಟು ವರ್ಷದಾಗ ಯಾರ ಬಾಗಲದಾಗೂ ಹಂಗ ಸಿಟ್ಟು ಬಂದಿದ್ದಿಲ್ಲ. ಓದಿದವ್ರು ಹಿಂಗ ಮಾಡಿದ್ರಲ್ಲ, ಅವರ ಕೂಸು ಅವರ ನೋಡ್ಕೊಳ್ಳಿ ಅಂತ ಹೋಗಿಬಿಟ್ಟೆ. ಕೂಸಿಂದೇನು ತಪ್ಪಿತ್ತು? ನಂದ ತಪ್ಪಾತ್ರಿ. ಕ್ಷಮಾ ಮಾಡ್ರಿ.’

ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಗುವನ್ನು ಮೇಜಿನ ಮೇಲೆ ಮಲಗಿಸಿದ್ದರು.

ಮರುತಿಂಗಳೇ ಅವರಿಗೆ ಭೋರ್‌ಗೆ ವರ್ಗವಾಯಿತು. ನಂಬರು ನನ್ನ ಫೋನಿನಲ್ಲಿದೆ, ಇನ್ನೂ ಮಾಡಿಲ್ಲ. ಮಾಡಿದರೆ ಮೊದಲು ‘ಕೂಸು ಹೆಂಗದ್ರಿ?’ ಎಂದೇ ಕೇಳುತ್ತಾರೆ. ಚೆನ್ನಾಗಿದ್ದಾಳೆ ಎನ್ನುವವರೆಗೆ ನನ್ನ ಮಾತು ಸಿದ್ಧವಿದೆ. ಅದರ ಮುಂದಿನದು ನಾನು ಆಡಬೇಕಾಗಿದ್ದ ಮಾತು. ಅದನ್ನು ಅವರು ಆಡಿ ಹೋಗಿಬಿಟ್ಟಿದ್ದಾರೆ.