ಅರ್ಧಕ್ಕೆ ನಿಂತ ನವಮಿಯ ನಕಲು

ಆ ಮೊಬೈಲು ಕೆಳಗಿಡು ಸಂಯುಕ್ತಾ, ಮೋಹಿನಿಯ ಮಾತಿಗೇ ಬರ್ತಿದ್ದೆ. ನೀನು ಹಿಂದಿಯಲ್ಲಿ ಹೂಂಗುಟ್ಟಿದರೂ ಸರಿ, ಕೇಳಿಸಿಕೊಂಡರೆ ಸಾಕು.

ಬಾಗಲಕೋಟೆ ಕಡೆಯವಳು ಮೋಹಿನಿ. ಗಂಡ ಹೋದ ಮೇಲೆ ಡೊಂಬಿವ್ಲಿ ಸ್ಟೇಷನ್ ಹತ್ತಿರ ಸೈದಪ್ಪನ ಫೋಟೋ ಸ್ಟುಡಿಯೋ ಸೇರಿದಳು. ಆಗೆಲ್ಲ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮುಖದ ಕಲೆ ಮುಚ್ಚುವ ಕೆಲಸ. ನನ್ನ ಮೂಗಿನ ಪಕ್ಕದ ನರೂಲಿಯನ್ನೂ ಮಾಯ ಮಾಡಿದ್ದಳು, ನಿಮ್ಮಜ್ಜ ಆ ಫೋಟೋ ನೋಡಿ "ಈ ಹೆಂಗಸು ಯಾರು?" ಅಂದಿದ್ದರು. ಅದಿರಲಿ.

ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತಳು. ಒಂದು ಸಲ ಎಲ್ಲ ಫೋಟೋನೂ ಪಕ್ಕದ ಡಿಸ್ಕಿಗೆ ನಕಲಾಗಿತ್ತು. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ, ಹೊಸದಾಗಿ ಬಂದದ್ದಷ್ಟೇ ಆಯಾ ದಿನದ ಬೇರೆ ನಕಲಾಗಿ ತಾನಾಗಿ ಸೇರುತ್ತಿತ್ತು. ಬ್ಯಾಕಪ್ ಅನ್ನೋರು.

ನನ್ನ ತಂಗಿ ಭೀಮಮ್ಮನ ಒಬ್ಬನೇ ಮಗ ಕೈಲಾಸ ಫೋಟೋ ಅಂದರೆ ತಪ್ಪಿಸಿಕೊಂಡು ಓಡುವವನು. ಹೆಣ್ಣಿನ ಕಡೆಯವರು ಕೇಳಿದರು ಅಂತ ನವರಾತ್ರಿಯ ಅಷ್ಟಮಿ ಸಂಜೆ ಸ್ಟುಡಿಯೋಕ್ಕೆ ಬಂದು ಕೂತ.

"ಅಕ್ಕಾರ, ಹಲ್ಲು ಎಷ್ಟು ತೋರಿಸ್ಲಿ? ಹುಡುಗಿ ಅಪ್ಪ ಹೆದರಬಾರ್ದು ನೋಡ್ರಿ."

"ಬಾಯಿ ಮುಚ್ಚಿದ್ರ ಅಷ್ಟ ಸಾಕಪಾ," ಅಂದಳಂತೆ ಮೋಹಿನಿ.

ಮರುದಿನ ನವಮಿ, ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಸೈದಪ್ಪ ಕ್ಯಾಮೆರಾಕ್ಕೆ, ಕಂಪ್ಯೂಟರಿಗೆ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ. ಪೂಜೆಗೆ ಕೂತ ಆಯುಧ ಮರುದಿನದ ತನಕ ದುಡಿಯಬಾರದಲ್ಲ, ಮೇನ್ ಸ್ವಿಚ್ಚೇ ಆರಿಸಿದ. ಆಗತಾನೇ ಶುರುವಾಗಿದ್ದ ಬ್ಯಾಕಪ್ ನಡುವೆಯೇ ಕಡಿಯಿತು. ದಶಮಿಗೆ ಸ್ವಿಚ್ ಮತ್ತೆ ಹಾಕಿದರು, ಮಧ್ಯಾಹ್ನ ಆ ದಿನದ್ದು ಪೂರ್ತಿಯಾಯಿತು. ಏಕಾದಶಿಗೆ ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟು ಬಂದ ಜೋರಿಗೆ ಕಂಪ್ಯೂಟರ್ ಸುಟ್ಟುಹೋಯಿತು. ಅದೇ ಸಂಜೆ ಮುಂಬ್ರಾ ಹತ್ತಿರ ಕೈಲಾಸ ಲೋಕಲ್ ರೈಲಿನ ಬಾಗಿಲಿಂದ ಬಿದ್ದ, ಉಳಿಯಲಿಲ್ಲ.

ಅವನ ದಿನದ ಕಾರ್ಯಕ್ಕೆ ಇಡಲು ಒಂದು ಫೋಟೋ ಇರಲಿಲ್ಲ. ಭೀಮಮ್ಮನ ಜೊತೆ ನಾನೇ ಸ್ಟುಡಿಯೋಕ್ಕೆ ಹೋದೆ. ಕ್ಯಾಮೆರಾದ ಕಾರ್ಡು ಆಗಲೇ ಅಳಿಸಿದ್ದರು.

ಮೋಹಿನಿ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಚ್ಚಿ ನವಮಿಯ ನಕಲು ತೆಗೆದಳು. ಹಣೆ, ಕಣ್ಣು ಬಂದವು. ಮೂಗಿನ ಕೆಳಗೆ ಬರೀ ಬೂದಿ ಬಣ್ಣ. ಭೀಮಮ್ಮ ಮುಖ ತಿರುಗಿಸಿದಳು.

ಸೈದಪ್ಪ ಸ್ಟೂಲಿನ ಮೇಲೆ ಕುಸಿದ. "ಸ್ವಿಚ್ ನಾನ ಆರಿಸಿದ್ದು. ದಶಮಿಗೆ ಅದು ನವಮಿ ಮುಂದಿಂದಷ್ಟ ತಗೊಂಡಿರ್ತದ. ಹುಡುಗನ ಮಾರಿ ನಡುವ ಹೋತು, ಮೋಹಿನಿ."

"ನವರಾತ್ರಿ ಪಾರಾಯಣ ಅರ್ಧಕ್ಕ ನಿಂತ್ರ ಮರುದಿನ ಎಲ್ಲಿಂದ ಓದ್ತೀರಿ, ಅಣ್ಣಾರ?"

"ಆ ಅಧ್ಯಾಯ ಮೊದಲಿಂದ. ಅರ್ಧ ಓದಿದ್ದು ಓದಿದಂಗಲ್ಲ."

"ಇದೂ ಅರ್ಧ ಆದದ್ದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ ಅಂತ ಕಾಣ್ತದ. ಪೂರ್ತಿ ಆಗಿದ್ದು ಅಷ್ಟಮಿ ಮಧ್ಯಾಹ್ನದ್ದು. ಅದರ ಮುಂದಿಂದೆಲ್ಲ ದಶಮಿಗೆ ಸೇರಿರಬೇಕು. ಖರೇ, ತಗದು ನೋಡೂತನಕ ನಾ ಹೂಂ ಅನ್ನಂಗಿಲ್ರಿ."

ಮೋಹಿನಿ ದಶಮಿಯ ನಕಲು ತೆಗೆದಳು. ಮೇಲಿಂದ ನಿಧಾನಕ್ಕೆ ಬಂತು: ಹಣೆ, ಕಣ್ಣು, ಮೂಗು, ನಗು ತಡೆದ ತುಟಿ, ಭೀಮಮ್ಮನೇ ಇಸ್ತ್ರಿ ಮಾಡಿದ ಅಂಗಿ. ಪೂರ್ತಿ ಕೈಲಾಸ.

ಹೊರಗೆ ಕಲ್ಯಾಣದ ಗಾಡಿ ಬಂದು ಹೋಯಿತು.

"ಭೀಮವ್ವಾರ, ಕೆನ್ನಿ ಮ್ಯಾಲಿನ ಸೀತಾಳೆ ಸಿಡುಬಿನ ಕಲಿ ತಗೀಲೇನ್ರಿ?" ಕಲೆ ಮುಚ್ಚುವುದೇ ಅವಳ ಹಳೇ ಕಸುಬಲ್ಲವೇ.

"ಬ್ಯಾಡ. ಸಣ್ಣಾಂವಿದ್ದಾಗ ಅದನ್ನ ಬೇವಿನ ಎಲಿಲೆ ಸವರೀನಿ. ಇರ್ಲಿ."

ಮುಂದಿನ ವರ್ಷದಿಂದ ಸೈದಪ್ಪ ನವಮಿಯ ದಿನ ಬ್ಯಾಕಪ್ ಮುಗಿಯುವ ತನಕ ಕರ್ಪೂರ ಹಚ್ಚಲಿಲ್ಲ. ಕಾಯಿ ಹಿಡಿದುಕೊಂಡು "ಆತೇನವಾ?" ಅಂತ ಕೇಳುತ್ತಿದ್ದ. ಒಂದು ಫೋಟೋ ತೆಗೆದು ನೋಡಿದ ಮೇಲೇ ಮೋಹಿನಿ ಹೂಂ ಅನ್ನುತ್ತಿದ್ದಳು.

ಸೈದಪ್ಪ ಹೋದ, ಸ್ಟುಡಿಯೋನೂ ಮುಚ್ಚಿತು. ಆ ಡಿಸ್ಕು ಈಗ ಸಾನಪಾಡಾದಲ್ಲಿ ಮೋಹಿನಿಯ ಮನೆಯಲ್ಲಿದೆ. ಈ ಮಳೆಗಾಲಕ್ಕೆ ಭೀಮಮ್ಮನ ಮನೆಯಲ್ಲಿರುವ ಕೈಲಾಸನ ಫೋಟೋಕ್ಕೆ ಬೂಷ್ಟು ಹಿಡಿದಿದೆಯಂತೆ, ಗಲ್ಲವೇ ಕಾಣುತ್ತಿಲ್ಲವಂತೆ. ನಾಳೆ ಹೋಗಿ ಇನ್ನೊಂದು ಪ್ರಿಂಟ್ ಹಾಕಿಸಿಕೊಂಡು ಬಾ. ಅವಳ ಕಂಪ್ಯೂಟರಿನಲ್ಲಿ ಏನಾದರೂ ನಕಲಾಗುತ್ತಿದ್ದರೆ ಅವಸರ ಮಾಡಬೇಡ, ಮುಗಿಯುವ ತನಕ ಕೂತಿರು. ಕಲೆ ಹಾಗೇ ಇರಲಿ ಅಂತ ಮರೆಯದೆ ಹೇಳು.