ಬಂದ್ ರಸ್ತೆಯ ಇಂಟು ಗುರುತು

ಆಂಬುಲೆನ್ಸ್‌ಗಳಿಗೆ ನಕ್ಷೆ ಮಾಡಿಕೊಡುವ ಆ ಕಚೇರಿಯಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು ಇಂಟು ಮೇಡಂ. ಬಂದ್ ಆದ ರಸ್ತೆಗೆ ಕೆಂಪು ಬಳಿದರೆ ಸಾಲದು, ಮೇಲೆ ಸಾಲಾಗಿ ಇಂಟು ಗುರುತು ಇರಲೇಬೇಕೆಂದು ಹಟ ಹಿಡಿಯುತ್ತಿದ್ದಳು. ಅವಳು ರಜೆಯಲ್ಲಿದ್ದಾಗ ಸಾಹೇಬರು, ಗಾಡಿಯಲ್ಲಿ ನಕ್ಷೆ ತೋರಿಸುವ ಪರದೆ ಗಲೀಜಾಗಿ ಕಾಣುತ್ತದೆಂದು ಅದನ್ನೆಲ್ಲ ತೆಗೆಸಿಬಿಟ್ಟರು. ತೆರೆದ ರಸ್ತೆ ಹಸಿರು, ಬಂದ್ ಆದದ್ದು ಕೆಂಪು. ಎರಡೂ ಒಂದೇ ದಪ್ಪ, ಒಂದೇ ಗಾಢ. ಸಾಹೇಬರ ಕಣ್ಣಿಗೆ ಹಬ್ಬವಾದರೆ ಸಾಕು, ಗಾಡಿಯಲ್ಲಿ ಮಲಗಿದವರ ಗತಿ ಏನಾದರೇನು?

ಅವಳ ತಮ್ಮ ಆಂಬುಲೆನ್ಸ್ ಡ್ರೈವರ್. ಹುಟ್ಟಿದಾಗಿನಿಂದ ಕೆಂಪು, ಹಸಿರು ಎರಡೂ ಅವನಿಗೆ ಮಾಸಿದ ಖಾಕಿ. ಸಿಗ್ನಲ್ ದೀಪವನ್ನು ಮೇಲಿನದು, ಕೆಳಗಿನದು ಎಂದು ಗುರುತು ಹಿಡಿಯುತ್ತಾನೆ. ಅಕ್ಕನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಒಂದು ಸಂಜೆ ಬಂದವನೇ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ಕೂತುಬಿಟ್ಟ.

"ಅಗೆದ ರಸ್ತೆಗೆ ನುಗ್ಗಿಸಿಬಿಟ್ಟೆ ಅಕ್ಕಾ. ಹಿಂದೆ ಹೆರಿಗೆ ನೋವಿನ ಹೆಂಗಸು. ರಿವರ್ಸ್ ತಗೊಂಡು ಬರೋಷ್ಟರಲ್ಲಿ ಜೀವ ಬಾಯಿಗೆ ಬಂತು. ತಾಯಿ, ಮಗು ಚೆನ್ನಾಗಿದಾರೆ. ಆಫೀಸಲ್ಲಿ ಮಾತ್ರ ನನ್ನ ಸುದ್ದಿ ಎತ್ತಬೇಡ, ಕೆಲಸ ಹೋಗುತ್ತೆ."

ಮರುದಿನ ಅವಳು ಹಲ್ಲು ಕಚ್ಚಿಕೊಂಡೇ ಸಾಹೇಬರ ಕೋಣೆಗೆ ಹೋದಳು.

"ಇಂಟು ಗುರುತು ವಾಪಸ್ ಹಾಕ್ಬೇಕು ಸಾರ್. ಕೆಲವರಿಗೆ ಬಣ್ಣದಲ್ಲಿ ವ್ಯತ್ಯಾಸ ಗೊತ್ತಾಗಲ್ಲ."

"ಯಾರಿಗ್ರೀ? ನಮ್ಮ ಡ್ರೈವರ್‌ಗಳಲ್ಲಿ ಒಬ್ಬನ ಹೆಸರು ಹೇಳಿ."

ಹೆಸರು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡಳು. ಮೈಯೆಲ್ಲ ಉರಿಯಿತು. ಅದೇ ನಕ್ಷೆಯ ಕಪ್ಪು-ಬಿಳುಪು ಪ್ರಿಂಟನ್ನು ಮೇಜಿನ ಮೇಲೆ ಹರಡಿ, "ಆಸ್ಪತ್ರೆಗೆ ದಾರಿ ತೋರಿಸಿ ಸಾರ್" ಎಂದಳು.

ಕೆಂಪೂ ಹಸಿರೂ ಸೇರಿ ಎಲ್ಲ ಗೆರೆಯೂ ಒಂದೇ ಬೂದಿ ಬಣ್ಣಕ್ಕೆ ತಿರುಗಿತ್ತು. ಸಾಹೇಬರು ಕನ್ನಡಕ ಏರಿಸಿ, ಇಳಿಸಿ, ಕೊನೆಗೊಂದು ಗೆರೆಯ ಮೇಲೆ ಬೆರಳಿಟ್ಟರು. ಅದು ಅವಳ ತಮ್ಮ ಗಾಡಿ ನುಗ್ಗಿಸಿದ್ದ ರಸ್ತೆಯೇ.

"ಅದು ಬಂದ್ ಆಗಿದೆ ಸಾರ್."

"ಬಣ್ಣ ಇಲ್ದೆ ಹೇಗ್ರೀ ಗೊತ್ತಾಗುತ್ತೆ? ಸರಿ, ಹಾಕ್ಕೊಳ್ಳಿ ನಿಮ್ಮ ಇಂಟು. ಆದ್ರೆ ನಿನ್ನೆ ಯಾವನೋ ಇದೇ ರಸ್ತೆಗೆ ಗಾಡಿ ನುಗ್ಗಿಸಿದಾನಂತೆ. ಅವನ ಹೆಸರು ಹುಡುಕಿ, ಕಣ್ಣು ಪರೀಕ್ಷೆ ಮಾಡಿಸ್ಬೇಕು."

ತಡೆದಿಟ್ಟಿದ್ದ ಸಿಟ್ಟು ಕಟ್ಟೆಯೊಡೆಯಿತು.

"ಮಾಡಿಸೋಣ ಸಾರ್. ಅದೇ ರಸ್ತೆಗೆ ಈಗ ನೀವೂ ನುಗ್ಗಿದ್ರಿ. ನಿಮ್ಮಿಂದಲೇ ಶುರುವಾಗ್ಲಿ."

ಸಾಹೇಬರು ಮೆಲ್ಲಗೆ ಬೆರಳು ತೆಗೆದರು. ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು. ಮಧ್ಯಾಹ್ನದೊಳಗೆ ಎಲ್ಲ ಗಾಡಿಗಳ ಪರದೆಗೂ ಇಂಟು ಗುರುತು ಹೋಯಿತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಆ ಹೆಂಗಸು ದಾರಿಯಲ್ಲೇ ಸತ್ತಿದ್ದರೂ ಸಾಹೇಬರು ಕೇಳುತ್ತಿದ್ದದ್ದು ಡ್ರೈವರ್‌ನ ಹೆಸರನ್ನೇ ಎಂದು ನೆನೆದಾಗಲೆಲ್ಲ ಅದು ಮತ್ತೆ ಭುಗಿಲೇಳುತ್ತಿತ್ತು.